ಹದಿನಾರನೇ ಇಸವಿಯ ಚೀಟಿಗಳು

“ಚೀಟಿ ಎಣಿಸಿದ್ದು ನೀನೊಬ್ಬಳೇ ಅಲ್ವಾ ಅಕ್ಕ? ಹಂಗಾದ್ರೆ ಉತ್ತರಾನೂ ನೀನೇ ಕೊಡು” ಎಂದ ಒಗ್ನಿಯಾನ್.

“ಉತ್ತರ ಬೇಕೋ, ನನ್ನನ್ನ ಕಳ್ಳಿ ಅನ್ನಬೇಕೋ? ಮೊದ್ಲು ಅದನ್ನ ಹೇಳು” ಎಂದಳು ರುಮ್ಯಾನಾ.

ಪ್ಲೆವೆನ್ ಊರಿನ ವಿಡಿಯೊ ಗೇಮ್ ಸಂಘದ ನೆಲಮಾಳಿಗೆಯಲ್ಲಿ ಆ ಭಾನುವಾರ ಮಧ್ಯಾಹ್ನ ಸೇರಿದ್ದ ಮೂವತ್ತು ಜನ ಸೂರ್ಯಕಾಂತಿ ಬೀಜ ಸುಲಿಯುವುದನ್ನೂ ಬಿಟ್ಟು ಕೂತರು. ರುಮ್ಯಾನಾ ಟ್ರಾಲಿಬಸ್ ಓಡಿಸುವ ಐವತ್ತರ ಹೆಂಗಸು. ಹತ್ತು ವರ್ಷದಿಂದ ಪ್ರತಿ ಜನವರಿಯಲ್ಲೂ ಹಿಂದಿನ ವರ್ಷದ ಒಳ್ಳೆಯ ಗೇಮಿಗೆ ಬಿದ್ದ ಮತ ಎಣಿಸಿ, ಗೆದ್ದ ಹೆಸರನ್ನು ಗೋಡೆಯ ಹಲಗೆಯ ಮೇಲೆ ಬಣ್ಣದಲ್ಲಿ ಬರೆಯುತ್ತಿದ್ದವಳು ಅವಳೇ.

ಈ ಸಲ ಅಧ್ಯಕ್ಷ ಒಗ್ನಿಯಾನ್ ಸಂಘದವರಿಂದಲೇ ಇಂಟರ್ನೆಟ್ಟಿನಲ್ಲಿ ದಶಕದ ಗೇಮಿಗೆ ಮತ ಹಾಕಿಸಿದ್ದ. ‘ಉಪ್ಪಿನ ದಾರಿ’ ಎಲ್ಲವನ್ನೂ ಹಿಂದೆ ಹಾಕಿ ಗೆದ್ದಿತು. ಆದರೆ ಅದು ಬಂದ 2016ರ ಮತದಲ್ಲಿ ಅದಕ್ಕೆ ಸಿಕ್ಕಿದ್ದು ನಾಲ್ಕನೇ ಸ್ಥಾನ. ಅಂದು ಗೆದ್ದದ್ದು ‘ಹನ್ನೆರಡು ಬೀಗ’; ದಶಕದ ಪಟ್ಟಿಯಲ್ಲಿ ಅದರ ಸುಳಿವೇ ಇಲ್ಲ. ‘ಹನ್ನೆರಡು ಬೀಗ’ವೆಂದರೆ ರುಮ್ಯಾನಾಗೆ ಪ್ರಾಣ ಎಂಬುದು ಎಲ್ಲರಿಗೂ ಗೊತ್ತು. ಅದಕ್ಕೇ ಈ ಗುಮಾನಿ.

ರುಮ್ಯಾನಾ ಆ ವರ್ಷದ ಚೀಟಿಗಳನ್ನು ಕಾಪಾಡಿಟ್ಟಿದ್ದ ತಗಡಿನ ಡಬ್ಬಿಯನ್ನು ಮೇಜಿನ ಮೇಲೆ ಬೋರಲು ಹಾಕಿದಳು. ಸಂಘದ ಕಟ್ಟಳೆಯನ್ನು ನೆನಪಿಸಿದಳು. ಕೊನೆಯವರೆಗೂ ಆಡಿ ಮುಗಿಸಿದ ಗೇಮಿಗೆ ಮಾತ್ರ ಮತ. ಆ ಗೇಮಿನ ಕೊನೆಯಲ್ಲಿ ಏನಾಗುತ್ತದೆಂಬುದನ್ನು ಎಣಿಸುವವರ ಕಿವಿಯಲ್ಲಿ ಹೇಳಿಯೇ ಚೀಟಿ ಹಾಕಬೇಕು, ಸಹಿಯನ್ನೂ ಹಾಕಬೇಕು. ‘ಉಪ್ಪಿನ ದಾರಿ’ ಬಂದದ್ದು ಡಿಸೆಂಬರ್ ಒಂಬತ್ತಕ್ಕೆ. ಆಡಿ ಮುಗಿಸಲು ನೂರು ಗಂಟೆ ಬೇಕು. ಮತದ ದಿನಕ್ಕೆ ಐದೇ ಜನ ಮುಗಿಸಿದ್ದರು, ಆ ಐದೂ ಮತ ಅದಕ್ಕೇ ಬಿದ್ದಿದ್ದವು. ಉಳಿದವರು ಆಮೇಲೆ ವರ್ಷಗಟ್ಟಲೆ ಆಡಿ ಮೆಚ್ಚಿಕೊಂಡರು. ಅದಕ್ಕೆ ಅವಳೇನು ಮಾಡಬೇಕು?

ಒಂದು ಚೀಟಿ ಹೆಕ್ಕಿ ಒಗ್ನಿಯಾನನ ಮೂಗಿನ ಕೆಳಗೆ ಹಿಡಿದಳು.

“ಈ ಸಹಿ ಯಾರದ್ದಪ್ಪ, ಅಧ್ಯಕ್ಷರೇ?”

‘ಹನ್ನೆರಡು ಬೀಗ’ಕ್ಕೆ ಬಿದ್ದ ಮತ. ಸಹಿ ಒಗ್ನಿಯಾನನದೇ. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು.

ಅವನ ಕಿವಿ ಕೆಂಪಾಯಿತು. ಎಣಿಕೆಯಲ್ಲಿ ತಪ್ಪಿಲ್ಲವೆಂದು ಒಪ್ಪಿಕೊಂಡ. ಆದರೂ ಪಟ್ಟು ಬಿಡಲಿಲ್ಲ. ದಶಕದ ಪಟ್ಟಿಯನ್ನೂ ಹಲಗೆಯನ್ನೂ ಅಕ್ಕಪಕ್ಕ ಇಟ್ಟು ನೋಡಿದವರು ಸಂಘಕ್ಕೆ ಬುದ್ಧಿಯಿಲ್ಲ ಅನ್ನುತ್ತಾರೆ, 2016ರ ಸಾಲನ್ನು ‘ಉಪ್ಪಿನ ದಾರಿ’ ಎಂದು ತಿದ್ದಿಬಿಡೋಣ ಎಂದು ಕೈ ಎತ್ತಿಸಿದ. ಆ ವರ್ಷ ಅವಳ ಕಿವಿಯಲ್ಲಿ ‘ಹನ್ನೆರಡು ಬೀಗ’ದ ಕೊನೆಯನ್ನು ಪಿಸುಗುಟ್ಟಿದ್ದವರ ಕೈಗಳೂ ಒಂದೊಂದಾಗಿ ಮೇಲೆದ್ದವು. ಒಟ್ಟು ಇಪ್ಪತ್ತೊಂದು ಕೈ.

“ನೀನೇ ಬರೆದುಬಿಡು ಅಕ್ಕ” ಎಂದ ಒಗ್ನಿಯಾನ್, ಈಗ ಮೆತ್ತಗೆ. “ನಿನ್ನ ಅಕ್ಷರ ಚೆಂದ.”

“ಇವತ್ತು ನಿಮಗೆ ಬೇರೆ ಇಷ್ಟ ಆದ್ರೆ ಬೇರೆ ಹಲಗೆ ಹಾಕ್ಕೊಳ್ಳಿ, ಬೇಡ ಅಂದೋರ್ಯಾರು? ಅವತ್ತು ನಿಮಗೆ ಇಷ್ಟ ಆಗಿದ್ದು ಇದೇ. ನೀವು ಹಾಕಿದ ಮತಾನೇ ನೀವು ಕದೀತಿದೀರಿ. ಅದಕ್ಕೆ ನನ್ನ ಕೈ ಬರಲ್ಲ.”

ಚೀಟಿಗಳನ್ನು ಹರಡಿದ ಹಾಗೆಯೇ ಬಿಟ್ಟಳು. ಹಲಗೆ ತಿದ್ದುವವರು ಮೊದಲು ಅವನ್ನು ಸುಡಲಿ, ಬೆಂಕಿಪೊಟ್ಟಣ ಕಿಟಕಿಯ ಮೇಲಿದೆ ಎಂದಳು. ಕೋಟು ತೊಟ್ಟು, ಗುಂಡಿ ನಿಧಾನವಾಗಿ ಹಾಕಿಕೊಂಡಳು. ಚೀಸ್ ತುಂಬಿ ಬೇಯಿಸಿದ ಬನಿತ್ಸಾ ಇನ್ನೂ ಬಿಸಿಯಿದೆ, ಒಂದು ತುಂಡು ತಿಂದು ಹೋಗು ಎಂದು ಯಾರೋ ಕರೆದರು. ತಿರುಗಿ ನೋಡದೆ ಮೆಟ್ಟಿಲು ಹತ್ತಿದಳು.

ಸಿಟ್ಟಿಳಿದರೆ ಬರುತ್ತಾಳೆ ಎಂದು ಕತ್ತಲಾಗುವವರೆಗೆ ಕಾದರು. ಮುಂದಿನ ಭಾನುವಾರವೂ ಕಾದರು. ಅವಳು ಬರಲಿಲ್ಲ.