ಓಕ್‌ಸಿಮ್‌ಳ ಹಿತ್ತಿಲ ಎರಡು ಮರ

ನಾಜು ಸೀಮೆಯ ನಮ್ಮೂರಿನಲ್ಲಿ ಪಿಯರ್ ಬೆಳೆಯುವವರು ಯಾರೂ ಧೂಪದ ಮರ ನೆಡುವುದಿಲ್ಲ. ಗಿಲ್‌ಹೋ ನೆಟ್ಟ. ಪಾಪ, ದ್ವೀಪದಿಂದ ಬಂದವನು. ಬಲೆ ಹೆಣೆಯಲು ಬರುತ್ತಿತ್ತು, ಮರಗಳ ಹಗೆತನ ತಿಳಿದಿರಲಿಲ್ಲ. ಹಿತ್ತಿಲ ಒಂದು ತುದಿಗೆ ಪಿಯರ್, ಬಾವಿಯ ಪಕ್ಕಕ್ಕೆ ಧೂಪದ ಮರ. ಸಾಯುವ ಮುಂಚೆ ಹೆಂಡತಿ ಓಕ್‌ಸಿಮ್‌ಳ ಕೈ ಹಿಡಿದು, "ನನ್ನ ಎಡೆಗೆ ಹಣ್ಣೂ ನಮ್ಮ ಮರದ್ದಿರ್ಲಿ, ಧೂಪಾನೂ ನಮ್ಮ ಮರದ್ದಿರ್ಲಿ ಕಣೆ" ಅಂದಿದ್ದ. ಅವಳು ಹೂಂ ಅಂದಿದ್ದಳು.

ಅವನು ಹೋದ ಮೇಲೆ ಎರಡು ವರ್ಷ ಎಡೆಗೆ ಧೂಪವಿತ್ತು, ಹಣ್ಣಿರಲಿಲ್ಲ. ಪಿಯರ್ ಎಲೆಗಳಿಗೆ ತುಕ್ಕು ರೋಗ ಹಿಡಿದು, ಹೀಚುಗಳೆಲ್ಲ ಉದುರಿದ್ದವು.

ಈ ಸಲ ಓಕ್‌ಸಿಮ್ ಪಕ್ಕದ ತೋಟದಿಂದ ಬೇರೆ ತಳಿಯ ಪರಾಗ ತಂದು, ಕೋಳಿಗರಿಯಿಂದ ಹೂಹೂವಿಗೂ ಸವರಿದ್ದಳು. ಗೋಲಿಯಷ್ಟು ಕಾಯಿ ಕಟ್ಟಿದ್ದವು. ಅಷ್ಟರಲ್ಲೇ ಒಂದು ಮಳೆ ಬಿತ್ತು. ಬೆಳಗ್ಗೆ ನೋಡಿದರೆ ಧೂಪದ ಮರದ ತುಂಬ ಕಿತ್ತಳೆ ಬಣ್ಣದ ಲೋಳೆ, ಯಾರೋ ಹಲ್ವಾ ಮೆತ್ತಿಟ್ಟ ಹಾಗೆ.

ಪಕ್ಕದ ತೋಟದ ಪಾನ್‌ಸೊಕ್ ಗೋಡೆಯ ಮೇಲಿಂದ ಇಣುಕಿದ. ಗಿಲ್‌ಹೋನನ್ನು ಅಣ್ಣ ಎಂದೇ ಕರೆಯುತ್ತಿದ್ದವನು.

"ಅತ್ತಿಗೆ, ಇನ್ನೂ ಕಡಿದಿಲ್ವಾ? ಎರಡು ವರ್ಷದಿಂದ ಬಡ್ಕೊಳ್ತಿದೀನಿ. ಆ ಲೋಳೇಲೇ ಇರೋದು ರೋಗ. ಸಂಜೆ ಮತ್ತೆ ಮಳೆಯಂತೆ. ನೆನೀತು ಅಂದ್ರೆ ಗಾಳೀಲಿ ಹಾರಿ ನಿಮ್ಮ ಮರಕ್ಕೂ ಬರುತ್ತೆ, ನನ್ನ ತೋಟಕ್ಕೂ ಬರುತ್ತೆ."

"ಅದು ನಿಮ್ಮಣ್ಣ ನೆಟ್ಟಿದ್ದು."

"ಪಿಯರ್ ಏನು ನಮ್ಮಪ್ಪ ನೆಟ್ಟನಾ?"

ಓಕ್‌ಸಿಮ್ ಬಾವಿಯಿಂದ ಪಿಯರಿಗೆ, ಪಿಯರಿನಿಂದ ಬಾವಿಗೆ ನಡೆದಳು. ಅಕ್ಕಿ ತೊಳೆಯಲು ಕೂತವಳು ಅರ್ಧಕ್ಕೇ ಎದ್ದಳು. ಸೋಯಾ ಜಾಡಿಗಳ ಕಟ್ಟೆಯ ಮೇಲೆ ಬಟ್ಟಲು ಶುದ್ಧ ನೀರಿಟ್ಟು, ಅಂಗೈ ಉಜ್ಜುತ್ತ ಗಂಡನನ್ನು ಬೇಡಿಕೊಂಡಳು: "ಯಾವ್ದು ಬೇಕು, ಒಂದು ಮಾತು ಹೇಳಿಬಿಡಿ." ನೀರು ಅಲುಗಲಿಲ್ಲ. ಬದುಕಿದ್ದಾಗಲೂ ಕೇಳಿದ್ದಕ್ಕೆ ತಕ್ಷಣ ಉತ್ತರ ಕೊಟ್ಟ ಮನುಷ್ಯನಲ್ಲ ಅವನು. ದೇವರೂ ಕೆಲವು ಲೆಕ್ಕಗಳನ್ನು ನಮ್ಮ ಕೈಗೇ ಬಿಟ್ಟಿರುತ್ತಾನೆ.

ಮಧ್ಯಾಹ್ನ ಮೋಡ ಕವಿಯಿತು. ಪಕ್ಕದ ತೋಟದಲ್ಲಿ ಪಾನ್‌ಸೊಕ್‌ನ ಹೆಂಡತಿ ಏಣಿಯ ಮೇಲೆ ನಿಂತು ಒತ್ತಾಗಿದ್ದ ಹೀಚುಗಳನ್ನು ಕಿತ್ತು ವಿರಳ ಮಾಡುತ್ತಿದ್ದಳು. ಒಮ್ಮೆ ಬಾವಿಯ ಪಕ್ಕದ ಮರದ ಕಡೆ ನೋಡಿ ಮುಖ ತಿರುಗಿಸಿದಳು. ಓಕ್‌ಸಿಮ್ ಒಳಗೆ ಹೋಗಿ ಗರಗಸ ತಂದಳು.

"ಕೊಡಿ ಇತ್ಲಾಗೆ, ನಾನು ಕೊಯ್ತೀನಿ," ಎಂದು ಪಾನ್‌ಸೊಕ್ ಗೋಡೆ ಹಾರಿ ಬಂದ.

"ಬೇಡ. ಹೂಂ ಅಂದಿದ್ದು ನಾನು."

ಧೂಪದ ಮರವನ್ನು ಅವಳೇ ಕೊಯ್ದು ಉರುಳಿಸಿದಳು. ಲೋಳೆಯ ಕೊಂಬೆಗಳನ್ನು ಪಾನ್‌ಸೊಕ್ ದೂರ ಒಯ್ದು ಹೂಳಿದ. "ಕಾಂಡ ಒಣಗಿಸಿಟ್ಕೊಳಿ ಅತ್ತಿಗೆ. ಹತ್ತು ವರ್ಷಕ್ಕಾಗೋಷ್ಟು ಧೂಪ ಇದೆ."

"ಆಮೇಲೆ?"

"ಆಮೇಲೆ ನೀವೂ ಅಣ್ಣನ ಪಕ್ಕ ಕೂತ್ಕೊಂಡು ಎಡೆ ಉಣ್ತಿರ್ತೀರ, ಬಿಡಿ."

ಅವಳು ನಕ್ಕಳು. ನಗುವಿನ ನಡುವೆಯೇ ಕೇಳಿದಳು: "ರೋಗ ನಿನ್ನೆ ಮಳೇಲೇ ಹಾರಿಬಿಟ್ಟಿದ್ರೆ?"

ಪಾನ್‌ಸೊಕ್ ಆಕಾಶ ನೋಡಿದ. "ಹತ್ತು ದಿನ ಕಳೀಲಿ, ಗೊತ್ತಾಗುತ್ತೆ. ಒಳಗೆ ನಡೀರಿ, ಹನಿ ಬಿತ್ತು."

ಅವಳು ಹೋಗಲಿಲ್ಲ. ತುಕ್ಕಿನ ಕಲೆ ಇಂದೇ ಮೂಡುವುದಿಲ್ಲವೆಂದು ಗೊತ್ತಿದ್ದರೂ, ಸುರಿಯುವ ಮಳೆಯಲ್ಲಿ ಪಿಯರಿನ ಎಲೆಗಳನ್ನು ಒಂದೊಂದಾಗಿ ತಿರುವಿ ನೋಡುತ್ತಿದ್ದಳು.