ಬಿಚ್ಚಿದ ಲೇಸು

ಫೈನಲ್ ದಿನ ನನ್ನ ಭುಜಕ್ಕೆ ಟೇಪ್ ಸುತ್ತಿದವನು ನಮ್ಮ ವಾಲಿಬಾಲ್ ತಂಡದ ಕೋಚ್, ನನ್ನ ಸ್ವಂತ ಅಣ್ಣ. “ಬರೀ ಬಿಗಿತ ಕಣೇ, ಬೆವರು ಬಂದ್ರೆ ಬಿಟ್ಟುಹೋಗುತ್ತೆ,” ಅಂದಿದ್ದ. ಕೊನೆಯ ಸ್ಮ್ಯಾಶ್ ಹೊಡೆಯುವಾಗ ಭುಜದ ಸ್ನಾಯು ಹರಿಯಿತು.

ಇಂದು ಕ್ಲಿನಿಕ್‌ನಲ್ಲಿ ನನ್ನಿಂದ ರಬ್ಬರ್ ಪಟ್ಟಿ ಎಳೆಸುತ್ತಾ ಫಿಸಿಯೋ ಅಕ್ಕ ಗದರಿದಳು: “ಫೈನಲ್ ಹಿಂದಿನ ದಿನ ಭುಜ ನೋಡಿದಾಗಲೇ, ಆಡಿಸಬೇಡಿ ಅಂತ ನಿಮ್ಮಣ್ಣನಿಗೆ ಹೇಳಿದ್ದೆ. ನೀನೇ ಹಠ ಹಿಡಿದೆಯಂತೆ.”

ಹೊರಗೆ ಅಣ್ಣ ಎಂದಿನಂತೆ ಮಂಡಿಯೂರಿ ನನ್ನ ಶೂ ಲೇಸು ಕಟ್ಟತೊಡಗಿದ. ಆಪರೇಷನ್ ಆದಾಗಿನಿಂದ ಅದು ಅವನದೇ ಕೆಲಸ. ಇಂಥ ಅಣ್ಣ ಯಾರಿಗುಂಟು ಎಂದು ಅಮ್ಮ ಊರೆಲ್ಲ ಹೇಳಿಕೊಂಡು ಬರುತ್ತಾಳೆ.

“ಹಠ ಹಿಡಿದವಳು ನಾನಂತೆ?”

ಅವನ ಬೆರಳು ನಿಂತವು. ತಲೆ ಎತ್ತಲಿಲ್ಲ. “ಕಪ್ ಗೆದ್ವಲ್ಲ,” ಅಂದ.

ಕಾಲು ಹಿಂದಕ್ಕೆಳೆದುಕೊಂಡು, ಬಿಚ್ಚಿದ ಲೇಸಿನಲ್ಲೇ ಮನೆ ಕಡೆ ಹೊರಟೆ.

“ಎಡವಿ ಬೀಳ್ತೀಯ ಕಣೇ,” ಎನ್ನುತ್ತಾ ಹಿಂದೆಯೇ ಬಂದ.

ಈ ಕಾಳಜಿ ಅವತ್ತು ಯಾರ ಮನೆಗೆ ಹೋಗಿತ್ತೋ.