ಹಗ್ಗ ಹಿಡಿದ ಕೈಯ ಪಾಲು

ಲೂಯಿ ಕೊಲ್ಲಿಯಲ್ಲಿ, ದಡದಲ್ಲಿ ನಿಂತು ಎಳೆಯುವ ರಂಪಣಿ ಬಲೆಯ ಹಗ್ಗಕ್ಕೆ ಕೈ ಹಚ್ಚಿದವರು ಯಾರೇ ಆಗಲಿ, ಅವರಿಗೆ ಮೀನಿನಲ್ಲಿ ಪಾಲುಂಟು. ಮೊದಲಿಂದ ಎಳೆದರೂ ಸರಿ, ಕೊನೆಯ ನಾಲ್ಕು ಮಾರು ಎಳೆದರೂ ಸರಿ. ಪಾದ್ರಿಯಾದರೂ ಪಾಲು, ಪೋಲೀಸಿನವನಾದರೂ ಪಾಲು. ಒಮ್ಮೆ ಯಾರೋ ಕಂಕುಳಲ್ಲಿ ಕೂಸನ್ನಿಟ್ಟುಕೊಂಡು ನೋಡಲು ಬಂದಾಗ ಕೂಸು ಹಗ್ಗ ಹಿಡಿದು ಬಾಯಿಗೆ ಹಾಕಿಕೊಂಡಿತಂತೆ; ಅದಕ್ಕೂ ಒಂದು ಮೀನು ಕೊಟ್ಟೇ ಕಳಿಸಿದರು. ಕೊಡುವುದು ಎಷ್ಟು ಖಂಡಿತವೋ ತೆಗೆದುಕೊಳ್ಳುವುದೂ ಅಷ್ಟೇ ಖಂಡಿತ. ಎಳೆದ ಕೈಯೇ ಪಾಲು ಬೇಡ ಅಂದರೆ, ಇವರಿಗೆ ಸಾಕಾಯಿತು ಅಂತ ಕಡಲು ತಿಳಿದುಕೊಳ್ಳುತ್ತದೆ. ಆಮೇಲೆ ಬಲೆಗೆ ಪಾಚಿಯೇ ಗತಿ.

ಆ ಬಲೆ ಈಗ ಯೂಲಿನಳದು. ಜನವರಿಯಲ್ಲಿ ಅಪ್ಪ ತೀರಿಕೊಂಡ ಮೇಲೆ ಬಲೆ, ದೋಣಿ, ಜನರನ್ನು ಕರೆಯುವ ಶಂಖ ಮೂರೂ ಒಬ್ಬಳೇ ಮಗಳಾದ ಅವಳಿಗೆ ಬಂದವು. ಜೊತೆಗೆ ಬಲೆ ಬೀಸುವ ಆರು ಜನ ಗಂಡಸರೂ ಬಂದರು. ಬಲೆ, ದೋಣಿ, ಶಂಖ ಹೇಳಿದ ಮಾತು ಕೇಳಿದವು. ಗಂಡಸರ ವಿಷಯ ಹಾಗಲ್ಲ. ಬೆಳಗಿನ ಜಾವಕ್ಕೆದ್ದು ಇಬ್ಬರು ಮಕ್ಕಳ ತಿಂಡಿ ಮುಚ್ಚಿಟ್ಟು ಅವಳು ದಡಕ್ಕೆ ಬರುವಷ್ಟರಲ್ಲಿ ಅವರ ಮುಖದ ಮೇಲೆ ಒಂದು ಆಕಳಿಕೆ ಸಿದ್ಧವಾಗಿರುತ್ತಿತ್ತು. ಅದರ ಮೇಲೆ ಎರಡು ವಾರದಲ್ಲಿ ನಾಲ್ಕು ಸಲ ಬಲೆ ಬರಿದಾಗಿ ಬಂದಿತ್ತು.

ಆ ಊರಲ್ಲಿ ಬಲೆಯ ಕೆಲಸ ಬಿಡುವವನು ಬಾಯಿ ಬಿಟ್ಟು ಹೇಳುವುದಿಲ್ಲ. ದಡದ ಕಾಡುಬಾದಾಮಿ ಮರಕ್ಕೆ ಒರಗಿಸಿಟ್ಟ ತನ್ನ ದೋಣಿಹುಟ್ಟನ್ನು ಹೆಗಲಿಗೇರಿಸಿ ಮನೆಗೆ ಒಯ್ಯುತ್ತಾನೆ, ಅಷ್ಟೇ. ಆರು ಜನರಲ್ಲಿ ಹಿರಿಯ ಪೆಲಿಕನ್. ಗಲ್ಲದ ಕೆಳಗೆ ಆ ಹಕ್ಕಿಯ ಚೀಲದ ಹಾಗೆ ಜೋಲುವ ಚರ್ಮಕ್ಕೆ ಊರೇ ಇಟ್ಟ ಹೆಸರು ಅದು. ಸ್ವಂತ ಹೆಸರು ಅವನ ಹೆಂಡತಿಗೂ ಮರೆತಿತ್ತು. ಅವನ ಹುಟ್ಟು ಎದ್ದರೆ ಉಳಿದ ಐದೂ ಏಳುತ್ತವೆ ಅನ್ನುವುದು ಯೂಲಿನಳಿಗೆ ಗೊತ್ತಿತ್ತು.

"ನೋಡು ಹುಡುಗಿ," ಅಂತ ಅವನು ಶುಕ್ರವಾರ ಸಂಜೆ ಮರದ ಕಡೆ ಕಣ್ಣು ಹಾಯಿಸಿ ಹೇಳಿದ್ದ, "ನಿಮ್ಮಪ್ಪನ ಮೇಲಿನ ಗೌರವಕ್ಕೆ ಇನ್ನೊಂದು ದಿನ ಬರ್ತೀನಿ. ಗೌರವ ಹುರಿದುಕೊಂಡು ತಿನ್ನೋಕಾಗಲ್ಲ."

ಶನಿವಾರ ಮೀನು ಬಿತ್ತು.

ರಾಶಿಗಟ್ಟಲೆ ಏನಲ್ಲ, ಆದರೂ ಬಿತ್ತು. ಯೂಲಿನ್ ಶಂಖ ಊದಿದ್ದೇ ತಡ, ಊರು ಗುಡ್ಡದಿಂದ ಇಳಿದು ಬಂದು ಬಲೆಯ ಎರಡು ತುದಿಯ ಹಗ್ಗಕ್ಕೂ ಸಾಲುಗಟ್ಟಿತು. ಎಡಗಡೆಯ ಸಾಲಿನಲ್ಲಿ ಒಂದು ಅಪರಿಚಿತ ಹ್ಯಾಟೂ ಇತ್ತು. ಊರಿಗೆಲ್ಲ ಚಿಕ್ಕಮ್ಮನಾದ ಟಾಂಟಿ ಮೆರ್ಲಳ ಅಂಗಡಿಯ ಮೇಲಿನ ಕೋಣೆಯಲ್ಲಿ ಎರಡು ದಿನದಿಂದ ಉಳಿದಿದ್ದ ಡೆನ್ಮಾರ್ಕಿನ ಹೆಂಗಸು ಅವಳು. ಲಿಸ್ಬೆತ್ ಅಂತ ಹೆಸರು, ಐವತ್ತೈದು ದಾಟಿರಬಹುದು. ಬಂದವಳೇ ಚಪ್ಪಲಿ ಕಳಚಿ, ಯಾರನ್ನೂ ಕೇಳದೆ ಹಗ್ಗ ಹಿಡಿದಳು.

"ಮೇಡಂ, ಹಗ್ಗ ಎಳೀರಿ, ನನ್ನ ಸೊಂಟ ಅಲ್ಲ!" ಅಂತ ಮುಂದಿದ್ದ ಪೆಲಿಕನ್ ಕೂಗಿದ.

"ನಿನ್ನ ಸೊಂಟ ಎಲ್ಲಿದೆ ಅಂತ ದೇವರಿಗೇ ಗೊತ್ತಿಲ್ಲ, ಪಾಪ ಅವಳಿಗೇನು ಗೊತ್ತು!" ಟಾಂಟಿ ಮೆರ್ಲ್ ಆಚೆ ಸಾಲಿನಿಂದ ಅಂದಳು. ಸಾಲಿಗೆ ಸಾಲೇ ನಕ್ಕಿತು, ಹಗ್ಗ ಎರಡು ಮಾರು ಹಿಂದೆ ಜಾರಿತು. ಲಿಸ್ಬೆತ್ ಮಾತ್ರ ತುಟಿ ಕಚ್ಚಿಕೊಂಡು ಕೊನೆಯವರೆಗೂ ಎಳೆದಳು.

ಮರಳ ಮೇಲೆ ಜ್ಯಾಕ್ ಮೀನಿನ ಗುಪ್ಪೆಗಳಾದವು. ಯೂಲಿನ್ ಆರು ಮೀನನ್ನು ಕಿವಿರಿನಲ್ಲಿ ತೆಂಗಿನ ಕಡ್ಡಿಗೆ ಪೋಣಿಸಿ ಹೊರಗಿನವಳ ಮುಂದೆ ಹಿಡಿದಳು. ಲಿಸ್ಬೆತ್ ನಕ್ಕಳು, ಎದೆಯ ಮೇಲೆ ಕೈಯಿಟ್ಟು "ಬೇಡ ಬೇಡ, ತುಂಬಾ ಥ್ಯಾಂಕ್ಸ್" ಅಂದಳು, ವಾಚು ನೋಡಿಕೊಂಡು ಚಪ್ಪಲಿ ಕೈಲಿ ಹಿಡಿದು ಹೊರಟೇಹೋದಳು.

ದಡದಲ್ಲಿದ್ದವರೆಲ್ಲ ಯೂಲಿನಳ ಕೈಲಿ ಉಳಿದ ಮೀನಿನ ಕಡೆ ನೋಡಿದರು.

"ಬೇಡ ಅಂದ್ಳಲ್ಲ," ಅಂದ ಪೆಲಿಕನ್.

"ಅವರಿಗೆ ಗೊತ್ತಿಲ್ಲ ಅಂಕಲ್."

"ಅವಳಿಗೆ ಗೊತ್ತಿಲ್ಲ, ಸರಿ. ಕಡಲಿಗೆ ಗೊತ್ತಲ್ಲ? ಹಿಂದೆ ಒಬ್ಬ ಸರ್ವೆಯವನು ಹಗ್ಗ ಎಳೆದು ಪಾಲು ಬೇಡ ಅಂದು ಹೋದಾಗ ಏಳು ವಾರ ಏನು ತಿಂದ್ವಿ, ಕೇಳು ನಿಮ್ಮಮ್ಮನ್ನ." ಅವನಿಗೆ ಸಿಟ್ಟೇನೂ ಇರಲಿಲ್ಲ, ಅದೇ ಅವಳಿಗೆ ಹೆದರಿಕೆ ತಂದದ್ದು. "ಈ ಬಲೆ ಒಣಹಾಕೋವರೆಗೂ ಇರ್ತೀನಿ. ಆಮೇಲೆ ನಾನು ಮನೆಗೆ."

ಪಾಲನ್ನು ಬೇರೆಯವರಿಗೆ ಕೊಟ್ಟು ಮುಗಿಸುವಂತಿಲ್ಲ, ಕಡಲಿಗೆ ಎಸೆಯುವಂತಿಲ್ಲ. ಎಳೆದ ಕೈಯೇ ಹಿಡಿಯಬೇಕು. ಯೂಲಿನ್ ಮಂಡಿಯವರೆಗೆ ಒದ್ದೆಯಾದ ಲಂಗವನ್ನು ಎತ್ತಿ ಸಿಕ್ಕಿಸಿ, ಮೀನಿನ ಕಡ್ಡಿ ಹಿಡಿದು ಏರುದಾರಿಯಲ್ಲಿ ಓಡಿದಳು.

ದ್ವೀಪದ ದೊಡ್ಡ ಪೇಟೆ ಸ್ಕಾರ್ಬರೋಗೆ ಹೋಗುವ ಬಸ್ಸು ಅಂಗಡಿಯ ಮುಂದೆಯೇ ನಿಲ್ಲುವುದು. ಲಿಸ್ಬೆತ್ ಕಾಲು ತೊಳೆದು, ಬೆನ್ನಿಗೆ ಚೀಲ ಏರಿಸಿ, ಬೆಂಚಿನ ಮೇಲೆ ಆಗಲೇ ಕೂತಿದ್ದಳು. ಮೀನು ತೂಗಾಡಿಸಿಕೊಂಡು ಏದುಸಿರು ಬಿಡುತ್ತಾ ಬಂದವಳನ್ನು ಕಂಡು ಅವಳ ಮುಖದಲ್ಲಿ ಕನಿಕರ ಮೂಡಿತು. ಪರ್ಸಿನಿಂದ ಇಪ್ಪತ್ತು ಡಾಲರಿನ ನೋಟು ತೆಗೆದು ಚಾಚಿದಳು.

ಯೂಲಿನ್ ಕೆಂಡ ಕಂಡವಳ ಹಾಗೆ ಕೈ ಹಿಂದಕ್ಕೆಳೆದುಕೊಂಡಳು. "ಅಯ್ಯೋ, ಒಳಗಿಡಿ ಅದನ್ನ! ಯಾರಾದ್ರೂ ನೋಡಿದ್ರೆ ನನ್ನ ಕತೆ ಮುಗೀತು!"

"ಕಡಿಮೆ ಆಯ್ತಾ?" ಲಿಸ್ಬೆತ್ ಗಾಬರಿಯಾದಳು.

ದಡದಿಂದ ಆಗಷ್ಟೇ ಮೇಲೆ ಬಂದು ಅಂಗಡಿಯ ಕಿಟಕಿಯಲ್ಲಿ ಕಾಣಿಸಿಕೊಂಡಿದ್ದ ಟಾಂಟಿ ಮೆರ್ಲ್ ಹಣೆ ಚಚ್ಚಿಕೊಂಡಳು. "ಮಾರಾಟಕ್ಕಲ್ಲಮ್ಮಾ ಅದು! ನಿನ್ನದೇ ಮೀನು ಅದು, ನಿನ್ನದು! ಎರಡು ದಿನ ನನ್ನ ಮನೇಲಿ ಉಂಡೆ, ಇಷ್ಟು ಹೇಳಿಕೊಡ್ಲಿಲ್ವಲ್ಲ ನಾನು, ನನ್ನ ಬಾಯಿಗೆ ಬೀಗ ಬಿದ್ದಿತ್ತಾ!"

"ಅದು ಬೀಳೋದುಂಟಾ ಟಾಂಟಿ," ಅಂದಳು ಯೂಲಿನ್. ಆ ಹೊತ್ತಿನಲ್ಲೂ ಅವಳಿಗೆ ತಡೆಯಲಾಗಲಿಲ್ಲ. ಆಮೇಲೆ ಬೆಂಚಿನ ಮೇಲೆ ಕೂತು, ಹಗ್ಗದ ವಿಷಯ, ಪಾಲಿನ ವಿಷಯ, ಪೆಲಿಕನ್ನನ ಹುಟ್ಟಿನ ವಿಷಯ ಎಲ್ಲ ಹೇಳಿದಳು. ಹೇಳುತ್ತಾ ಹೇಳುತ್ತಾ ಅವಳ ಕಣ್ಣು ತುಂಬಿತು. ಮೂವತ್ತೆಂಟರ ಹೆಂಗಸು, ಬಸ್ಸಿನ ಬೆಂಚಿನ ಮೇಲೆ, ತೊಡೆಯ ಮೇಲೆ ಆರು ಮೀನಿಟ್ಟುಕೊಂಡು.

ಲಿಸ್ಬೆತ್ ಪೂರ್ತಿ ಕೇಳಿದಳು. "ನಾನು ಮೀನು ತಿನ್ನಲ್ಲ," ಅಂದಳು ಮೆಲ್ಲಗೆ. "ಮೂವತ್ತು ವರ್ಷ ಆಯ್ತು ಬಿಟ್ಟು."

ಕಿಟಕಿಯಲ್ಲಿ ಟಾಂಟಿ ಮೆರ್ಲ್ ಶಿಲುಬೆ ಗುರುತು ಹಾಕಿಕೊಂಡಳು.

"ಮತ್ತೆ ಹಗ್ಗ ಯಾಕೆ ಹಿಡಿದ್ರಿ?" ಯೂಲಿನಳಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

"ಎಲ್ಲರೂ ಎಳೀತಾ ಇದ್ರಲ್ಲ. ಸುಮ್ನೆ ನೋಡ್ತಾ ನಿಲ್ಲೋಕೆ ನಾಚಿಕೆ ಆಯ್ತು."

ಆ ಊರಿನವರೂ ಹಗ್ಗ ಹಿಡಿಯುವುದು ಅದಕ್ಕೇ ತಾನೆ. ಯೂಲಿನ್ ಮೂಗು ಒರೆಸಿಕೊಂಡಳು. "ತಿನ್ನಲೇಬೇಕು ಅಂತಿಲ್ಲ ಮೇಡಂ. ಕೈಯಲ್ಲಿ ಹಿಡಿದು, ನನ್ನದು ಅನ್ನಿ ಸಾಕು. ಆಮೇಲೆ ನಿಮ್ಮ ಇಷ್ಟ. ಯಾರಿಗೆ ಬೇಕಾದ್ರೂ ಕೊಡಿ."

"ಯಾರಿಗೆ ಕೊಡಲಿ? ನನಗೆ ಇಲ್ಲಿ ಯಾರೂ ಗೊತ್ತಿಲ್ಲ."

ಲಿಸ್ಬೆತ್ ಸುತ್ತ ನೋಡಿದಳು. ರಸ್ತೆಯಾಚೆ ನೀಲಿ ಬಾಗಿಲಿನ ಮನೆಯ ಜಗಲಿಯಲ್ಲಿ ಒಬ್ಬ ಮುದುಕಿ ಕುರ್ಚಿ ಹಾಕಿಕೊಂಡು ಕೂತಿದ್ದಳು. ಅವಳು ಇಷ್ಟು ಹೊತ್ತೂ ಇತ್ತ ಕಡೆಯೇ ನೋಡುತ್ತಿದ್ದಳು, ಕೇಳಿಸದವಳ ಹಾಗೆ.

"ಅವರಿಗೆ?"

"ಅವರು ನಮ್ಮಮ್ಮ. ಬೇಡ, ಅವರು ತಗೊಳ್ಳಲ್ಲ," ಅಂದಳು ಯೂಲಿನ್.

ತಗೊಳ್ಳುವುದಿಲ್ಲ ಅನ್ನುವುದು ಊರಿಗೇ ಗೊತ್ತಿದ್ದ ಮಾತು. ಮಾ ಡೊರ್ಕಾಸ್ ನಲವತ್ತು ವರ್ಷ ಎಡಗಡೆಯ ಹಗ್ಗದ ತುದಿಯಲ್ಲಿ ನಿಂತವಳು. ಎರಡು ವರ್ಷದ ಹಿಂದೆ ಸೊಂಟ ಮುರಿದುಕೊಂಡ ಮೇಲೆ ದಡಕ್ಕೆ ಇಳಿದಿಲ್ಲ. ಇಳಿಯದಿದ್ದ ಮೇಲೆ ಪಾಲಿಲ್ಲ ಅಂತ ತಾನೇ ತೀರ್ಮಾನ ಮಾಡಿಕೊಂಡು, ಗಂಡ ತಂದರೂ ಮುಟ್ಟಲಿಲ್ಲ, ಮಗಳು ತಂದರೂ ಮುಟ್ಟಲಿಲ್ಲ. ಬಲೆಯ ಯಜಮಾನಿಯ ತಾಯಿ ಟಾಂಟಿ ಮೆರ್ಲಳ ಅಂಗಡಿಯಿಂದ ಡಬ್ಬಿಯ ಮೀನು ತರಿಸಿಕೊಂಡು ತಿನ್ನುತ್ತಿದ್ದಳು. ಯೂಲಿನ್ ದಿನಾ ಆ ಖಾಲಿ ಡಬ್ಬಿ ತೊಳೆದು ಹೊರಗಿಡುವಾಗ ಹಲ್ಲು ಕಚ್ಚಿಕೊಳ್ಳುತ್ತಿದ್ದಳು.

ಲಿಸ್ಬೆತ್ ಎರಡೂ ಕೈ ಚಾಚಿ ಕಡ್ಡಿ ಹಿಡಿದಳು. "ನನ್ನದು," ಅಂದಳು, ಚರ್ಚಿನಲ್ಲಿ ಹೇಳುವಷ್ಟು ಗಂಭೀರವಾಗಿ. ರಸ್ತೆ ದಾಟಿದಳು.

ಮಾ ಡೊರ್ಕಾಸ್ ಮೀನು ನೋಡಲಿಲ್ಲ. "ಕೈ ತೋರಿಸು," ಅಂದಳು.

ಲಿಸ್ಬೆತ್ ಒಂದು ಕೈ ಬಿಡಿಸಿ ತೋರಿಸಿದಳು. ಬೆರಳಿನ ಬುಡದಲ್ಲಿ ಚರ್ಮ ಎದ್ದು ಕೆಂಪಗಾಗಿತ್ತು. ಮುದುಕಿ ಅದನ್ನು ಹತ್ತಿರಕ್ಕೆಳೆದು, ಬಟ್ಟೆಯ ನೇಯ್ಗೆ ನೋಡುವವಳಂತೆ ನೋಡಿದಳು.

"ಎಡಗಡೆ ಹಗ್ಗ?"

"ಹೌದು."

"ಮರದ ಹತ್ತಿರಾನಾ, ನೀರಿನ ಹತ್ತಿರಾನಾ?"

"ಮರದ ಹತ್ತಿರ. ಕೊನೇಲಿ."

"ಅದು ನನ್ನ ಜಾಗ," ಅಂದಳು ಮಾ ಡೊರ್ಕಾಸ್. "ನನ್ನ ಜಾಗದಲ್ಲಿ ನಿಂತು ಎಳೆದಿದೀಯ. ನೋಡೋಕೆ ಕಡ್ಡಿ ಹಂಗಿದೀಯ, ಎಳೆದಿದೀಯ." ಕೈ ಚಾಚಿ ಮೀನು ತೆಗೆದುಕೊಂಡು ಮಡಿಲಲ್ಲಿಟ್ಟುಕೊಂಡಳು. "ಯೂಲಿನ್! ನಿಂತು ಏನು ನೋಡ್ತೀಯೇ, ಒಳಗೆ ತೆಂಗಿನಕಾಯಿ ರೊಟ್ಟಿ ಇದೆ, ಕಾಗದದಲ್ಲಿ ಸುತ್ತಿ ತಾ. ಬರಿಗೈಲಿ ಬಸ್ಸು ಹತ್ತಿಸ್ತೀಯಾ ಇವಳನ್ನ?"

ಯೂಲಿನ್ ಬೇಕಾದದ್ದಕ್ಕಿಂತ ಎರಡು ಹೆಚ್ಚೇ ಸುತ್ತಿ ತಂದಳು. ಬಸ್ಸು ಬಂತು. ಲಿಸ್ಬೆತ್ ಹತ್ತಿದಳು, ಸುಲಿದ ಅಂಗೈಗೆ ಬಿಸಿ ತಾಳದೆ ಪೊಟ್ಟಣವನ್ನು ಆ ಕೈಯಿಂದ ಈ ಕೈಗೆ ಬದಲಾಯಿಸುತ್ತಿದ್ದಳು. ಕಿಟಕಿಯಿಂದ ಏನೋ ಕೂಗಿದಳು, ಇಂಜಿನ್ನಿನ ಗಲಾಟೆಯಲ್ಲಿ ಯಾರಿಗೂ ಕೇಳಿಸಲಿಲ್ಲ. ಎಲ್ಲರೂ ಕೈ ಬೀಸಿದರು.

ಬಸ್ಸು ಎಬ್ಬಿಸಿದ ಧೂಳು ಇಳಿದಾಗ ಏರುದಾರಿಯ ತಲೆಯಲ್ಲಿ ಪೆಲಿಕನ್ ನಿಂತಿದ್ದ. ಹೆಗಲ ಮೇಲೆ ಹುಟ್ಟು.

ಯೂಲಿನ್ ಅಲುಗಲಿಲ್ಲ. ಅವನು ಅವಳನ್ನು ನೋಡಲಿಲ್ಲ, ಜಗಲಿಯ ಕಡೆ ನೋಡುತ್ತಿದ್ದ. ಅಲ್ಲಿ ಮಾ ಡೊರ್ಕಾಸ್ ಮೊಣಕಾಲಿನ ಮೇಲೆ ಹಲಗೆಯಿಟ್ಟುಕೊಂಡು ಮೊದಲನೆಯ ಜ್ಯಾಕಿನ ಹೊಟ್ಟೆ ಸೀಳುತ್ತಿದ್ದಳು. ಬೆಕ್ಕೊಂದು ಆಗಲೇ ಕಾಲ ಬಳಿ ಹಾಜರಾಗಿತ್ತು.

"ಮುದುಕಿ ತಗೊಂಡ್ಳಾ?" ಅಂತ ಕೇಳಿದ.

"ತಗೊಂಡ್ರು."

"ಬಲೆಯ ಮೀನು?"

"ಕಣ್ಣಿಲ್ವಾ ಅಂಕಲ್?"

ಪೆಲಿಕನ್ ಹುಟ್ಟನ್ನು ಎಡ ಹೆಗಲಿಂದ ಬಲ ಹೆಗಲಿಗೆ ಬದಲಾಯಿಸಿದ. ಗಲ್ಲದ ಚರ್ಮ ತುರಿಸಿಕೊಂಡ. ಆಕಾಶ ನೋಡಿದ, ಅಲ್ಲಿ ಮೋಡವೂ ಇರಲಿಲ್ಲ, ವಿಶೇಷವೂ ಇರಲಿಲ್ಲ.

"ನಮ್ಮ ಮನೇಲಿ ಬಿಸಿಲು ಜಾಸ್ತಿ," ಅಂದ ಕೊನೆಗೆ. "ಹುಟ್ಟು ಬಿರುಕು ಬಿಡತ್ತೆ. ಇದು ಅಲ್ಲೇ ಮರದ ನೆರಳಲ್ಲಿರೋದು ಒಳ್ಳೇದು." ತಿರುಗಿ, ಬಂದ ದಾರಿಯಲ್ಲೇ ದಡಕ್ಕೆ ಇಳಿದ. ಹುಟ್ಟಿನ ಅಲಗು ಒಂದಷ್ಟು ದೂರ ಪೊದೆಗಳ ಮೇಲೆ ಕಾಣುತ್ತಾ ಹೋಯಿತು.

"ಯೂಲಿನ್!" ಜಗಲಿಯಿಂದ ಕೂಗು ಬಂತು. "ನಿಂಬೆಹಣ್ಣು ಎಲ್ಲಿಟ್ಟಿದೀಯೇ?"

ಡಬ್ಬಿ ಮೀನಿಗೆ ನಿಂಬೆ ಬೇಕಿರಲಿಲ್ಲ. ಆ ಮನೆಗೆ ಎರಡು ವರ್ಷದಿಂದ ನಿಂಬೆಹಣ್ಣು ತಂದವರೇ ಇಲ್ಲ.

"ಈಗ ತರ್ತೀನಿ ಮಾ," ಅಂದಳು ಯೂಲಿನ್, ಅಂಗಡಿಯ ಕಿಟಕಿಯ ಕಡೆ ತಿರುಗುತ್ತಾ. ಟಾಂಟಿ ಮೆರ್ಲ್ ಆಗಲೇ ನಿಂಬೆಯ ಬುಟ್ಟಿಗೆ ಕೈ ಹಾಕಿದ್ದಳು.